ಎಂಟನೇ ಹೊಳೆಯ ಈಚೆ ದಡ

ಅರ್ಧಕ್ಕೆ ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವವರು, ಸ್ವೆಟರಿನ ಒಂದೇ ತೋಳು ಹೆಣೆದು ಮೂಲೆಗಿಡುವವರು, ಕೊನೆಯ ಸಾಲು ಬರೆಯದೆ ನೋಟ್‌ಬುಕ್ಕು ಮುಚ್ಚುವ ಮಕ್ಕಳು, ಎಲ್ಲರ ಮೇಲೂ ರೇಗಿದ್ದೇನೆ. ಟೀಚರ್ ಕೆಲಸಕ್ಕೆ ಸೇರುವ ಮೊದಲೇ ಈ ರೋಗ ಇತ್ತು. ಸೇರಿದ ಮೇಲೆ ಅದಕ್ಕೆ ಸಂಬಳವನ್ನೂ ಕೊಡತೊಡಗಿದರು.

ಹಾಗಾಗಿ ತಮ್ಮ ತನ್ನ ವಿಡಿಯೋ ಗೇಮನ್ನು ತಂದು ನನ್ನ ಟ್ರಂಕಿನ ಮೇಲಿಟ್ಟಾಗ ನಾನು ಮೊದಲು ಕೇಳಿದ್ದು, "ಪೂರ್ತಿ ಆಡಿದ್ದೀಯೇನೋ?" ಅಂತ. ಅದು ತೊಂಬತ್ತರ ದಶಕದ ಕೊನೆ. ಟೀವಿಗೆ ವೈರು ಸಿಕ್ಕಿಸಿ, ಮೇಲಿನ ಸಂದಿಯಲ್ಲಿ ಕ್ಯಾಸೆಟ್ಟು ತುರುಕಿ ಆಡುವ ಪೆಟ್ಟಿಗೆ. ಅದಕ್ಕೆ ದಾರದಂಥ ವೈರಿನಲ್ಲಿ ಎರಡು ರಿಮೋಟು.

"ಇಲ್ಲ ಕಣಕ್ಕ. ಎಂಟನೇ ಹೊಳೆ ದಾಟಕ್ಕೆ ಆಗಲ್ಲ. ಬೇಜಾರಾಯ್ತು, ಬುಟ್ಬುಟ್ಟೆ."

"ಆಗಲ್ಲ ಅಂತ ಬಿಟ್ಯೋ, ಬೇಜಾರಾಗಿ ಬಿಟ್ಯೋ? ಎರಡ್ರಲ್ಲಿ ಒಂದು ಹೇಳು."

"ಎರಡೂ ಒಂದೇ ಬುಡಕ್ಕ," ಎಂದು ಅವನು ಕ್ರಿಕೆಟ್ ಬ್ಯಾಟು ಹಿಡಿದು ಹೊರಟೇ ಹೋದ. ಅಮ್ಮ ಆ ಪೆಟ್ಟಿಗೆಯನ್ನೂ, ಮನೆಯ ಹಳೆಯ ಸಣ್ಣ ಕಪ್ಪುಬಿಳುಪು ಟೀವಿಯನ್ನೂ ನನ್ನ ಸಾಮಾನಿನ ಜೊತೆ ಕಟ್ಟಿದಳು. ಒಬ್ಬಳೇ ಇರುವವಳಿಗೆ ಏನಾದರೂ ಸದ್ದು ಬೇಕು ಎಂದಳು.

ನನಗೆ ಕೆಲಸ ಸಿಕ್ಕಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಮಗ್ಗುಲಿನ ಒಂದು ಹಳ್ಳಿಯ ಶಾಲೆಯಲ್ಲಿ. ನಮ್ಮದು ಕೆ.ಆರ್. ನಗರ. ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸುತ್ತ ನಾಲೆ, ಗದ್ದೆ ಏನಿದ್ದರೂ ನಮಗೆ ಒಂದು ಗುಂಟೆ ನೆಲವೂ ಇರಲಿಲ್ಲ. ಊರಿಗೆ ಹೋಗಬೇಕೆಂದರೆ ಮೈಸೂರಿಗೆ ಹೋಗಿ ಬಸ್ಸು ಬದಲಾಯಿಸಬೇಕು. ಹೋದರೆ ಅಮ್ಮ ಕಾಫಿ ಕೊಡುವ ಮೊದಲೇ ಗಂಡಿನ ವಿಚಾರ ತೆಗೆಯುತ್ತಿದ್ದಳು. ನನಗೆ ಆಗಲೇ ಇಪ್ಪತ್ತೇಳು. ಆ ವಿಚಾರಕ್ಕೆ ಹೆದರಿ ನಾನು ತಿಂಗಳಿಗೊಮ್ಮೆ ಮಾತ್ರ ಹೋಗುತ್ತಿದ್ದೆ.

ನಾಲ್ಕೂವರೆಗೆ ಶಾಲೆಯ ಬೆಲ್ಲು ಹೊಡೆದರೆ ಮಕ್ಕಳು ಚೆಲ್ಲಾಪಿಲ್ಲಿ. ಜೊತೆಯ ಇಬ್ಬರು ಮೇಷ್ಟ್ರುಗಳು ಮೈಸೂರಿನ ಬಸ್ಸು ಹಿಡಿಯಲು ಓಟ. ಆಮೇಲೆ ಊರು ನನಗೆ ಗೌರವ ಕೊಡುತ್ತಿತ್ತು. ಯಾರ ಮನೆಗೆ ಹೋದರೂ ಕುರ್ಚಿ ತಂದು ಹಾಕುವರು, ಅದನ್ನು ಟವೆಲಿನಲ್ಲಿ ಒರೆಸುವರು, ಕಾಫಿ ಕೊಟ್ಟು ಎದುರಿಗೆ ನಿಂತುಕೊಳ್ಳುವರು. ಪಕ್ಕದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಒಂದು ಸಲ ಶನಿವಾರ ಮಧ್ಯಾಹ್ನ ರೂಮಿಗೆ ಬಂದವಳು ಸೋಮವಾರದವರೆಗೂ ಬಾಯಿ ತೆರೆದಿರಲಿಲ್ಲ. ಬೆಳಿಗ್ಗೆ ಹಾಜರಿ ಕೂಗಲು ಹೋದರೆ ಗಂಟಲು ಕಟ್ಟಿಕೊಂಡು ದನಿಯೇ ಹೊರಡಲಿಲ್ಲ. ಮಕ್ಕಳು ನಕ್ಕರು. ನಾನೂ ನಕ್ಕೆ, ಆಮೇಲೆ ಸ್ಟಾಫ್ ರೂಮಿಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ಅತ್ತೆ.

ಹಾಗೆ ಶುರುವಾಗಿದ್ದು ಆಟ. ಒಬ್ಬ ಗುಬ್ಬಚ್ಚಿಯಷ್ಟು ಚಿಕ್ಕ ಮನುಷ್ಯ, ಹೆಗಲ ಮೇಲೆ ಒಂದು ಗಂಟು. ಅವನು ಎಂಟು ಹೊಳೆ ದಾಟಿ ತನ್ನ ಮನೆ ಸೇರಬೇಕು. ನೀರಿನಲ್ಲಿ ಅಲ್ಲಲ್ಲಿ ಕಲ್ಲು. ಕಲ್ಲಿಂದ ಕಲ್ಲಿಗೆ ನೆಗೆಯಬೇಕು. ನಡುವೆ ಮೀನು ಮೇಲಕ್ಕೆ ಹಾರಿ ಬಂದು ಬಡಿಯುತ್ತದೆ, ಹಕ್ಕಿ ಬಂದು ಏನನ್ನೋ ಎತ್ತಿಹಾಕುತ್ತದೆ. ಬಿದ್ದರೆ ಮೊದಲಿಂದ. ಕರೆಂಟು ಹೋದರೂ ಮೊದಲಿಂದ. ಆ ಪೆಟ್ಟಿಗೆಗೆ ನೆನಪು ಅನ್ನುವುದೇ ಇರಲಿಲ್ಲ. ಮೂರು ವಾರ ಒಬ್ಬಳೇ ಆಡಿ ನಾನು ಐದನೆಯ ಹೊಳೆಯವರೆಗೆ ಹೋಗಿದ್ದೆ.

ಪಕ್ಕದ ಮನೆಯ ಸೊಸೆ ನನ್ನ ರೂಮಿಗೆ ಬಂದದ್ದು ಮಗಳ ಹಾಸ್ಟೆಲಿನ ಅರ್ಜಿ ಬರೆಸಿಕೊಳ್ಳಲು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಗಂಡ ಲಾರಿ ಡ್ರೈವರು. ಬಾವಲಿ ಗೇಟು ದಾಟಿ ಕೇರಳದ ಕಡೆ ಶುಂಠಿ, ತರಕಾರಿ ಹೊಡೆಯುವವನು, ಹತ್ತು ದಿನಕ್ಕೊಮ್ಮೆ ಮನೆಗೆ ಬರುವವನು. ಮಗಳು ಮೈಸೂರಿಗೆ ಹೋದರೆ ಮನೆಯಲ್ಲಿ ಉಳಿಯುವವರು ಇವರು ಮತ್ತು ಅತ್ತೆ. ನಾನು ಇವರನ್ನು ಅಕ್ಕ ಎನ್ನುತ್ತಿದ್ದೆ, ಅವರ ಅತ್ತೆಯನ್ನು ಅಜ್ಜಿ.

"ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಬೋರಿನ ತಾವ ದಿನಾ ನೋಡ್ತೀನಿ. ನೀವು ಬಿಂದಿಗೆ ತುಂಬ್ಕೊಂಡು ಬಗ್ಗಿದ್ ತಲೆ ಎತ್ತಲ್ಲ," ಎಂದರು ಅಕ್ಕ, ಬಾಗಿಲಲ್ಲೇ ನಿಂತು. ಅರ್ಜಿ ಬರೆದುಕೊಟ್ಟೆ. "ಇದ್ಕೆ ನಾನೇನ್ ಮಾಡ್ಕೊಡ್ಲಿ?" ಎಂದರು.

"ಅಯ್ಯೋ, ಏನೂ ಬೇಡ ಅಕ್ಕ."

"ಅಂಗಂದ್ರೆ ಎಂಗೆ? ಮುಯ್ಯಿ ಮ್ಯಾಲಿರ್ತದೆ." ಅಷ್ಟರಲ್ಲಿ ಅವರ ಕಣ್ಣು ಟೀವಿಯ ಕಡೆ ಹೋಯಿತು. "ಇದೇನು, ಇವು ಎರಡ್ಯಾಕೆ?"

"ಇಬ್ಬರು ಆಡೋದಕ್ಕೆ."

"ಇನ್ನೊಬ್ರೆಲ್ಲಿ?"

"ಯಾರೂ ಇಲ್ಲ."

ಅಕ್ಕ ನನ್ನನ್ನೂ ರೂಮನ್ನೂ ಒಮ್ಮೆ ನೋಡಿದರು. "ಓ, ಆಳು ಸಾಲ್ದು ನಿಮ್ಗೆ," ಎಂದರು.

ಮಾರನೆಯ ದಿನ ಐದೂವರೆಗೆ ಸರಿಯಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಮುಯ್ಯಾಳು ಬಂದಿದ್ದೀನಿ ಕಣ್ ಮೇಡಂ, ಎಲ್ಲಿಂದ ಹಿಡೀಲಿ?"

ಮುಯ್ಯಾಳು ಎನ್ನುವ ಪದ ನಾನೂ ಕೇಳಿದ್ದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಆಳಿಗೆ ಆಳು. ಆದರೆ ಹೊಲವಿಲ್ಲದವರ ಮನೆಯಲ್ಲಿ ಬೆಳೆದ ನನಗೆ ಅದು ಬರಿಯ ಪದ. ಅದರೊಳಗಿನ ಕಟ್ಟುಪಾಡು ಗೊತ್ತಿರಲಿಲ್ಲ. ಮುಯ್ಯಾಳಾಗಿ ಹೋದವರನ್ನು, ಹಿಡಿದ ಕೆಲಸ ಮುಗಿಯುವ ತನಕ, ಅವರ ಮನೆಯವರು ತಡೆಯುವ ಹಾಗಿಲ್ಲ. ಅಕ್ಕನ ಅತ್ತೆ ಶಿಸ್ತಿನ ಹೆಂಗಸು. ಕೆಲಸವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಕೂರುವ ಹೆಣ್ಣನ್ನು ಅವರು ಬೀದಿ ಬಸವಿ ಎನ್ನುತ್ತಿದ್ದರು. ನೀರು, ಹೊಲ, ರೇಷನ್ ಅಂಗಡಿ, ಮದುವೆ, ಸಾವು, ಇಷ್ಟಕ್ಕೆ ಬಿಟ್ಟು ಸೊಸೆ ಹೊಸಿಲು ದಾಟಿದವಳಲ್ಲ. ಆದರೆ ಮುಯ್ಯಾಳೆಂದರೆ, ಹಿಡಿದದ್ದು ಹೊಲವೇ ಆಗಲಿ ಟೀವಿಯ ಆಟವೇ ಆಗಲಿ, ಆ ಅಜ್ಜಿಯ ಬಾಯಿಯೂ ಬಂದ್. ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಒಂದು ಹೊಳೆ ನಾನು, ಒಂದು ಹೊಳೆ ಅವರು. ಮೊದಲ ವಾರ ಅಕ್ಕ ಆ ಮನುಷ್ಯನನ್ನು ನೀರಿಗೆ ಹಾಕಿದ್ದೇ ಹಾಕಿದ್ದು. "ಲೇ, ನೋಡ್ಕೊಂಡ್ ಕಾಲಿಡ್ಲಾ!" ಎಂದು ಅವನಿಗೇ ಬೈಯುವರು. "ಅಲ್ಲೊಬ್ಬ ಗೇಟ್ ದಾಟಿ ಹೋದ್ರೆ ಹತ್ ದಿನ ಅಡ್ರೆಸ್ ಇರಲ್ಲ, ಇಲ್ಲೊಬ್ಬ ಕಲ್ ಮ್ಯಾಲೆ ನಿಲ್ಲಲ್ಲ. ಎಲ್ಲಾ ಗಂಡುಸ್ರೂ ಒಂದೇಯ." ಎರಡನೆಯ ವಾರಕ್ಕೆ ಅವರ ಬೆರಳು ಹದಕ್ಕೆ ಬಂತು. ಪೈರು ನಾಟಿ ಮಾಡಿದ ಕೈ, ನೋಡದೆಯೇ ಜಾಗ ಗೊತ್ತು. ನನಗಿಂತ ಚೆನ್ನಾಗಿ ಆಡತೊಡಗಿದರು. ನನಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ.

ಇಬ್ಬರೂ ಟೀವಿಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಕೂತಿರುತ್ತಿದ್ದೆವು, ಪಕ್ಕಪಕ್ಕದಲ್ಲಿ. ಕುರ್ಚಿಯ ಮೇಲೆ ಒಗೆಯಬೇಕಾದ ಬಟ್ಟೆ ಬಿದ್ದಿರುತ್ತಿತ್ತು. ಒಬ್ಬರ ಮುಖ ಇನ್ನೊಬ್ಬರು ನೋಡಬೇಕಾಗಿಲ್ಲವಲ್ಲ, ಎಂಥ ಮಾತು ಬೇಕಾದರೂ ಬರುತ್ತಿತ್ತು. ನನಗೆ ಗೊತ್ತು ಮಾಡಿದ್ದ ಗಂಡು, ಲಗ್ನಪತ್ರಿಕೆ ಅಚ್ಚಿಗೆ ಕೊಡುವ ವಾರದಲ್ಲಿ ಬೇಡವೆಂದು ಹೇಳಿಕಳಿಸಿದ್ದನ್ನು ನಾನು ಅದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ. ಒಂದು ಸಂಜೆ ಮೂರನೆಯ ಹೊಳೆಯ ನಡುವೆ ಅದು ಬಾಯಿಂದ ಬಂದುಬಿಟ್ಟಿತು. ಕಣ್ಣು ಮಂಜಾಯಿತು. ಅಕ್ಕ ಅಯ್ಯೋ ಪಾಪ ಎನ್ನಲಿಲ್ಲ. "ಮೀನು ಬತ್ತದೆ, ನೆಗೀರಿ," ಎಂದರು. ನೆಗೆದೆ. ಆ ಹೊಳೆ ದಾಟಿದ ಮೇಲೆ ನನ್ನ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿ ತಮ್ಮ ರಿಮೋಟು ಎತ್ತಿಕೊಂಡರು. ಆ ಊರಿಗೆ ಹೋಗಿ ಏಳು ತಿಂಗಳಾಗಿತ್ತು, ನನ್ನನ್ನು ಯಾರಾದರೂ ಮುಟ್ಟಿದ್ದು ಅದೇ ಮೊದಲು.

ಶಾಲೆಯಲ್ಲಿ ಕೂತು ಐದೂವರೆಗೆ ಕಾಯುವುದು ನನಗೆ ಅಭ್ಯಾಸವಾಯಿತು. ಬೆಳಿಗ್ಗೆ ಎದ್ದರೆ, ಇವತ್ತು ಸಂಜೆ ಇದೆ ಅನ್ನಿಸುತ್ತಿತ್ತು. ಏಳು ಹೊಳೆ ದಾಟಲು ಮುಕ್ಕಾಲು ಗಂಟೆ ಬೇಕು. ಸರತಿಯ ಪ್ರಕಾರ ಎಂಟನೆಯದು ಅಕ್ಕನದು. ಅದರ ಕಲ್ಲುಗಳು ಕಾಲಿಟ್ಟ ಕೂಡಲೇ ಮುಳುಗುತ್ತವೆ. ಅಕ್ಕ ಎದ್ದುಹೋದ ಮೇಲೆ ನಾನೊಬ್ಬಳೇ ಎಷ್ಟೋ ಸಲ ಪ್ರಯತ್ನಿಸಿ ಎರಡನೆಯ ಕಲ್ಲಿಗೇ ಮುಳುಗಿದ್ದೆ. ಆಚೆ ದಡದಲ್ಲಿ ಬೆಂಕಿಪೊಟ್ಟಣದಷ್ಟು ಮನೆ ಕಾಣುತ್ತದೆ. ಅಕ್ಕ ಮನುಷ್ಯನನ್ನು ಈಚೆ ದಡಕ್ಕೆ ತಂದು ನಿಲ್ಲಿಸಿ, ರಿಮೋಟನ್ನು ಕೆಳಗಿಟ್ಟು, ಮಂಡಿಯ ಮೇಲೆ ಕೈಯೂರಿ ಏಳುವರು.

"ಸಾಕು ಬುಡಿ ಇವತ್ತಿಗೆ. ಇನ್ನೂ ಒಂದ್ ಹೊಳೆ ಅದೆ ಅಂತ ಅತ್ತೆಗೆ ಹೇಳ್ತೀನಿ."

ದಿನವೂ ಇದೇ. ದಿನವೂ ಇದೇ ಮಾತು. ಎರಡು ಕಿವಿ ಇಟ್ಟುಕೊಂಡು ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಏಳನೆಯ ಕ್ಲಾಸಿನಲ್ಲಿ ಕೆಲವು ಹುಡುಗಿಯರಿರುತ್ತಾರೆ, ಲೆಕ್ಕವೆಲ್ಲ ಸರಿಯಾಗಿ ಮಾಡಿ ಉತ್ತರ ಬರೆಯಲು ಹೆದರಿ ಪೆನ್ನು ಕೆಳಗಿಡುತ್ತಾರೆ. ಅಕ್ಕನಿಗೂ ಅದೇ ಹೆದರಿಕೆ ಎಂದು ತೀರ್ಮಾನ ಮಾಡಿಬಿಟ್ಟೆ. ಹೆದರಿಕೆ ಬಿಡಿಸುವುದೇ ನನ್ನ ಕಸುಬು ತಾನೆ?

ಯುಗಾದಿಗೆ ಇನ್ನೂ ಎರಡು ವಾರ ಇತ್ತು. ಆ ಸಂಜೆ ಅಕ್ಕ ಏಳಲು ಹೋದಾಗ ನಾನು ಮಣಿಕಟ್ಟು ಹಿಡಿದುಕೊಂಡೆ. "ಇವತ್ತು ಬಿಡೋದಿಲ್ಲ. ಕೂತ್ಕೊಳ್ಳಿ."

"ಬ್ಯಾಡ ಮೇಡಂ, ಒಲೆ ಮ್ಯಾಲೆ ಎಸರಿಗಿಟ್ಟಿದ್ದೀನಿ."

"ಎಸರು ಎಲ್ಲಿಗೂ ಹೋಗಲ್ಲ. ನಿಮಗೆ ಬರುತ್ತೆ ಅಕ್ಕ, ನನಗೆ ಗೊತ್ತು. ಸುಮ್ಮನೆ ಹೆದರ್ತೀರ."

ಅಕ್ಕ ನನ್ನ ಮುಖ ನೋಡಿದರು. ಮೇಡಂ ಹೇಳಿದ್ದಕ್ಕೆ ಎದುರಾಡಿ ಅಭ್ಯಾಸವಿಲ್ಲದ ಜೀವ. ಕೂತರು. ಅವರ ಹೆಬ್ಬೆರಳು ಒಂದು ಸಲವೂ ತಪ್ಪಲಿಲ್ಲ. ಮೊದಲನೆಯ ಪ್ರಯತ್ನದಲ್ಲೇ, ಮುಳುಗುವ ಕಲ್ಲುಗಳ ಮೇಲೆ ಟಣ್ ಟಣ್ ಟಣ್ ಎಂದು, ಮೀನಿಗೂ ಹಕ್ಕಿಗೂ ಸಿಗದೆ ಆ ಮನುಷ್ಯ ಆಚೆ ದಡಕ್ಕೆ ಹೋಗಿ ನಿಂತ. ಅವರಿಗೆ ಯಾವತ್ತೋ ಬರುತ್ತಿತ್ತು. ನಾನು ಕಿರುಚಿ ಚಪ್ಪಾಳೆ ತಟ್ಟಿದೆ.

ಟೀವಿಯಲ್ಲಿ ಮನೆಯ ಬಾಗಿಲು ತೆರೆಯಿತು. ಮನುಷ್ಯ ಒಳಗೆ ಹೋದ. ಬಾಗಿಲು ಮುಚ್ಚಿತು. ಒಂದು ಸಾಲು ಇಂಗ್ಲಿಷು ಬಂತು, ಹೋಯಿತು. ಆಮೇಲೆ ಮತ್ತೆ ಮೊದಲನೆಯ ಹೊಳೆ.

"ಇಷ್ಟೇನಾ?" ಎಂದರು ಅಕ್ಕ. "ಒಳಕ್ಕೋಗಿ ಬಾಗ್ಲಾಕ್ಕೊಂಬುಟ್ಟ."

ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇಬ್ಬರ ನಡುವೆಯೇ ಉಳಿಯುತ್ತಿತ್ತು. ಆದರೆ ಚೆನ್ನಾಗಿ ಓದಿದ ಮಗುವಿನ ಮನೆಯವರಿಗೆ ಹೇಳದಿದ್ದರೆ ನನಗೆ ತಿಂದ ಅನ್ನ ಜೀರ್ಣವಾಗದು. ಅಕ್ಕನ ಹಿಂದೆಯೇ ಹೊರಗೆ ಬಂದು, ಪಕ್ಕದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ಕೂಗಿ ಹೇಳಿದೆ.

"ಅಜ್ಜೀ, ನಿಮ್ಮ ಸೊಸೆ ಪೂರ್ತಿ ಮುಗಿಸಿಬಿಟ್ಟರು! ನನ್ನ ಕೈಲಿ ಆಗದ್ದನ್ನ ಒಂದೇ ಸಲಕ್ಕೆ ಮುಗಿಸಿದರು."

ಅಜ್ಜಿಯ ಮುಖ ಅರಳಿತು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾದ ಹೆಮ್ಮೆಯೇ ಇತ್ತು. "ಮುಗೀತಾ? ಬೋ ಒಳ್ಳೇದಾಯ್ತು ಕಣ್ ಟೀಚ್ರವ್ವ. ಹಿಡಿದ್ ಕೆಲ್ಸ ಬುಡೋಳಲ್ಲ ಅವ್ಳು. ಇನ್ನು ಸಂದ್ಯಾಕೆ ಮನೇಲೇ ಇರ್ತಾಳೆ, ನಂಗೂ ಒಂದೀಟು ಕೈಯಾಸರೆ ಆಯ್ತು."

ಅಕ್ಕ ಹೊಸಿಲ ಮೇಲೆ ನಿಂತಿದ್ದರು. ತಿರುಗಿ ನೋಡಲಿಲ್ಲ, ಒಳಗೆ ಹೋದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಕಪ್ಪುಹಲಗೆಯ ಮೇಲೆ ನಾನೇ ಎಷ್ಟು ಸಲ ಬರೆಸಿಲ್ಲ.

ಮಾರನೆಯ ದಿನ ಐದೂವರೆ ಆಯಿತು, ಆರಾಯಿತು. ಬರಲಿಲ್ಲ. ನೆಂಟರು ಬಂದಿರಬೇಕು ಅಂದುಕೊಂಡೆ. ಅದರ ಮಾರನೆಯ ದಿನವೂ ಬರಲಿಲ್ಲ. ಗೋಡೆಯ ಆಚೆ ಅವರ ಮನೆಯ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಎರಡೂ ರಿಮೋಟು ಚಾಪೆಯ ಮೇಲಿಟ್ಟುಕೊಂಡು, ಟೀವಿ ಹಾಕದೆ ಕೂತಿದ್ದೆ. ಮೂರನೆಯ ದಿನ ತಡೆಯಲಾಗದೆ ಬೋರ್‌ವೆಲ್ಲಿನ ಹತ್ತಿರ ಅವರನ್ನು ಹಿಡಿದೆ.

"ನನ್ನ ಮೇಲೆ ಕೋಪಾನಾ ಅಕ್ಕ?"

"ಕ್ವಾಪ ಯಾಕೆ? ಕೆಲ್ಸ ಮುಗೀತಲ್ಲ ಮೇಡಂ. ಏನಂತ ಹೇಳಿ ಬರ್ಲಿ?"

"ಮತ್ತೆ ಮೊದಲಿಂದ ಆಡೋಣ."

"ಕುಯ್ದ್ ಹೊಲ್ದಲ್ಲಿ ಮತ್ತೆ ಕುಯ್ಲು ಅದೆ ಅಂತ ಹೇಳಕ್ಕಾಯ್ತದಾ?"

"ಏನಾದ್ರೂ ಒಂದು ಸುಳ್ಳು ಹೇಳಿ ಅಕ್ಕ."

ಅಕ್ಕ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡರು. "ಇಪ್ಪತ್ ವರ್ಸ ಸುಳ್ಳೇಳ್ದೆ ಬಾಳಿದ್ದೀನಿ. ಒಂದ್ ಸುಳ್ಳು ಸಿಕ್ಕಾಕ್ಕೊಂಡ್ರೆ ಆಮೇಲೆ ನೀರಿಗೂ ಕಳಿಸಲ್ಲ."

"ಹಂಗಾದ್ರೆ ದಿನಾ ಆ ಹೊಳೆ ಹತ್ತಿರ ನಿಲ್ಲಿಸ್ತಿದ್ದಿದ್ದು...?"

ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಬೈಗುಳವಲ್ಲ. ಆಶ್ಚರ್ಯ, ಅಷ್ಟೆ.

"ಗೊತ್ತಿರ್ನಿಲ್ವಾ ನಿಮ್ಗೆ? ನಿಮ್ಗೂ ಗೊತ್ತು, ಅದಕ್ಕೇ ನೀವೂ ಸುಮ್ಕಿದ್ದೀರಿ ಅನ್ಕಂಡಿದ್ದೆ ಕಣ್ರೀ."

ಥೂ ನನ್ನ ಜನ್ಮಕ್ಕೆ ಅನ್ನಿಸಿತು. ನಲವತ್ತು ಸಂಜೆ ಪಕ್ಕದಲ್ಲಿ ಕೂತ ಅಕ್ಕ, ನಾವಿಬ್ಬರೂ ಸೇರಿ ಒಂದು ಗುಟ್ಟು ಕಾಯುತ್ತಿದ್ದೇವೆ ಎಂದು ತಿಳಿದಿದ್ದರು. ನಾನು ಅವರಿಗೆ ಪಾಠ ಹೇಳಿಕೊಡುತ್ತಿದ್ದೇನೆ ಎಂದು ತಿಳಿದಿದ್ದೆ.

ಸುಮ್ಮನೆ ಬಿಡುವವಳಲ್ಲವಲ್ಲ. ಭಾನುವಾರ ಮೈಸೂರಿಗೆ ಹೋಗಿ ಬೇರೆ ಕ್ಯಾಸೆಟ್ಟು ತಂದೆ. ನೇರ ಅಜ್ಜಿಯ ಹತ್ತಿರವೇ ಹೋದೆ. ಕುರ್ಚಿ ಬಂತು. ಅಕ್ಕ ಕಾಫಿ ತಂದುಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ಅಜ್ಜಿ, ಇನ್ನೊಂದು ಹೊಸದು ಬಂದಿದೆ. ನನ್ನೊಬ್ಬಳ ಕೈಲಿ ಆಗಲ್ಲ. ಅಕ್ಕನ್ನ ಒಂದು ಗಂಟೆ ಕಳಿಸಿಕೊಡಿ."

"ಅವ್ಳ ಮುಯ್ಯಿ ತೀರ್ತಲ್ಲವ್ವ. ನೀವು ಒಂದ್ ಅರ್ಜಿ ಬರೆದ್ರಿ, ಅವ್ಳು ತಿಂಗ್ಳುಗಟ್ಲೆ ಬಂದ್ಲು. ಇನ್ನೂ ಕರೆಯೋದು ನಿಮ್ಗೂ ಒಪ್ಪಲ್ಲ, ನಮ್ಗೂ ಒಪ್ಪಲ್ಲ." ಆಮೇಲೆ ನನ್ನ ಮುಖ ನೋಡಿ ಅಜ್ಜಿಗೇ ಪಾಪ ಅನ್ನಿಸಿತೋ ಏನೋ, "ಒಬ್ರೇ ಬೇಜಾರಾದ್ರೆ ನೀವೇ ಬಂದು ಇಲ್ಲಿ ಕೂತ್ಕಳಿ. ಇದು ನಿಮ್ಮನೇನೇಯ," ಎಂದರು.

ಹೋದೆ, ಎಷ್ಟೋ ಸಂಜೆ ಹೋದೆ. ಕುರ್ಚಿಯ ಮೇಲೆ ಕೂತೆ. ಮಳೆ, ಬೆಳೆ, ಬಿಸಿಲು, ಶಾಲೆ, ಎಲ್ಲ ಮಾತಾಡಿದೆವು. ಅಕ್ಕ ಒಳಗೆ ಮುದ್ದೆ ತೊಳಸುತ್ತಿದ್ದರು, ಕಾಫಿ ತರುತ್ತಿದ್ದರು, ಲೋಟ ತೆಗೆದುಕೊಂಡು ಹೋಗುತ್ತಿದ್ದರು. ಒಂದು ಮನೆಯಲ್ಲಿ ಮೂರು ಹೆಂಗಸರಿದ್ದೂ ನನ್ನ ರೂಮಿನಲ್ಲಿ ಒಬ್ಬಳೇ ಇದ್ದುದಕ್ಕಿಂತ ಅಲ್ಲಿ ಹೆಚ್ಚು ಒಂಟಿ ಅನ್ನಿಸುತ್ತಿತ್ತು. ಬರಬರುತ್ತಾ ಹೋಗುವುದನ್ನು ನಿಲ್ಲಿಸಿದೆ.

ಆಮೇಲಿನ ವರ್ಷಗಳಲ್ಲಿ ಮನೆಮನೆಗೆ ಕಂಪ್ಯೂಟರು ಬಂತು. ಜೊತೆಯ ಟೀಚರುಗಳ ಮಕ್ಕಳು ಆಟಗಳನ್ನು ಶುರು ಮಾಡಿ, ಮುಕ್ಕಾಲು ಆಡಿ ಬಿಡುವುದನ್ನು ನೋಡಿದ್ದೇನೆ. ಕಷ್ಟ ಅನ್ನುತ್ತಾರೆ, ಬೋರು ಅನ್ನುತ್ತಾರೆ, ಟೈಮಿಲ್ಲ ಅನ್ನುತ್ತಾರೆ. ಇರಬಹುದು. ಮುಗಿದರೆ ಎದ್ದು ಹೋಗಬೇಕಾಗುತ್ತದೆ ಅನ್ನುವ ಕಾರಣವನ್ನು ಯಾರೂ ಹೇಳಿದ್ದು ಕೇಳಿಲ್ಲ. ಹೇಳಿದರೆ ಅದೂ ಮುಗಿದುಹೋಗುತ್ತದಲ್ಲ. ಮಕ್ಕಳು ಕೊನೆಯ ಸಾಲು ಬರೆಯದಿದ್ದರೆ ಈಗಲೂ ರೇಗುತ್ತೇನೆ. ಆದರೆ ರೇಗುವ ಮೊದಲು ಒಂದು ಗಳಿಗೆ ಆ ಮಗುವಿನ ಮುಖ ನೋಡುತ್ತೇನೆ.

ಮೂರನೆಯ ವರ್ಷ ನನಗೆ ಕೆ.ಆರ್. ನಗರದ ಕಡೆಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬಂದರು. ಬೀಳ್ಕೊಡುವುದು ಕೆಲಸವೇ, ಅದಕ್ಕೆ ಅಡ್ಡಿಯಿಲ್ಲ. ಅಜ್ಜಿ ಒಂದು ಚೀಲ ಅವರೆಕಾಳು ಕೊಟ್ಟರು, ನನ್ನ ಕೆನ್ನೆ ಸವರಿ ಲಟಿಕೆ ಮುರಿದರು, ಟೆಂಪೋ ಬಂತೇ ನೋಡಲು ಹೊರಗೆ ಹೋದರು. ಖಾಲಿ ರೂಮಿನಲ್ಲಿ ನಾವಿಬ್ಬರೇ. ಒಂದು ವರ್ಷದ ಮೇಲೆ ಅದೇ ಮೊದಲು. ಟ್ರಂಕಿನ ಮೇಲಿದ್ದ ಗೇಮಿನ ಪೆಟ್ಟಿಗೆಯನ್ನು ಎತ್ತಿ ಅವರ ಕೈಗೆ ಕೊಡಲು ಹೋದೆ.

"ಇದು ನೀವಿಟ್ಕೊಳ್ಳಿ ಅಕ್ಕ. ನಿಮ್ಮ ಟೀವಿಗೂ ಸಿಕ್ಕಿಸಬಹುದು. ನಿಮ್ಮ ಮನೇಲೇ ಆಡಬಹುದು, ಅಜ್ಜಿ ಬೇಡ ಅನ್ನಲ್ಲ."

ಅಕ್ಕ ಅದನ್ನು ಕೈಗೆ ತೆಗೆದುಕೊಂಡರು. ಸೆರಗಿನ ತುದಿಯಲ್ಲಿ ಮೇಲಿನ ಧೂಳು ಒರೆಸಿದರು. ಮತ್ತೆ ಟ್ರಂಕಿನ ಮೇಲೆಯೇ ಇಟ್ಟರು.

"ಇದು ನಮ್ಮನೇಲಿದ್ರೆ ನಾನು ಎಲ್ಲಿಗ್ ಬರ್ಲಿ ಮೇಡಂ?"

ಅಷ್ಟರಲ್ಲಿ, ಟೆಂಪೋ ಬಂತೆಂದು ಅಜ್ಜಿ ಹೊರಗಿನಿಂದ ಸೊಸೆಯನ್ನು ಕರೆದರು.